ಮದುವಿ ಮನ್ಯಾಗ ಮಂಗ್ಯಾ, ವರನ ಗಾಡಿಗೆ ಹಬ್ಬದ ಹೋರಿ!

ಬೆಳ್ಳಿತೆರೆಯ ಮೇಲೆ ಒಂದಾದರೂ ಮದುವೆ ಸರಾಗವಾಗಿ ನಡೆದದ್ದನ್ನು ನೀವು ನೋಡಿದ್ದೀರಾ, ಓದುಗ ಮಹಾಶಯರೇ? ನಾನಂತೂ ನೋಡಿಲ್ಲ. ಪುರೋಹಿತರು 'ಗಟ್ಟಿಮೇಳ' ಅಂತ ಕೈ ಎತ್ತುವುದೇ ತಡ, ಹಿಂದಿನಿಂದ ಒಬ್ಬ 'ನಿಲ್ಲಿಸಿ!' ಎಂದು ಕೂಗಲೇಬೇಕು. ಕ್ಯಾಮರಾ ಮೂರು ಸಲ ಆ ಕಡೆ ಹೊರಳಲೇಬೇಕು. ಕೂಗಿದವನು ಪೊಲೀಸಾಗಿರಬಹುದು, ಹಳೇ ಪ್ರೇಮಿಯಾಗಿರಬಹುದು, ಕಂಕುಳಲ್ಲಿ ಕೂಸು ಹೊತ್ತ ಹೆಣ್ಣುಮಗಳಾಗಿರಬಹುದು. ಇದು ಅಳಿಸುವ ಅಡ್ಡಿ.

ಇನ್ನೊಂದು ನಗಿಸುವ ಅಡ್ಡಿ. ವರ ಜಾರಿ ಬೀಳುವುದು, ಪೇಟ ನಾಯಿಯ ಪಾಲಾಗುವುದು, ಲಾಡುವಿನ ಬುಟ್ಟಿಗೆ ಕೋತಿ ಕೈ ಹಾಕುವುದು, ಅಡುಗೆಯವರ ಮೇಲೆ ಹಿಟ್ಟಿನ ಮೂಟೆ ಒಡೆಯುವುದು. ಬಸ್ ಸ್ಟ್ಯಾಂಡಿನ ಪಕ್ಕದ ಟಾಕೀಸಿನಲ್ಲಿ ನೆಲದ ಮೇಲೆ ಕೂತ ಪ್ರೇಕ್ಷಕ ಮಹಾಪ್ರಭು ಹೊಟ್ಟೆ ಹಿಡಿದುಕೊಂಡು ನಗುವುದು ಇದಕ್ಕೇ. ಹೀರೋ ಹೊಡೆದಾಟಕ್ಕೆ ಶಿಳ್ಳೆ, ಹೀರೋಯಿನ್ ಕಣ್ಣೀರಿಗೆ ಸೆರಗು, ಮದುವೆ ಮನೆಯ ಫಜೀತಿಗೆ ಮಾತ್ರ ಇಡೀ ಟಾಕೀಸೇ ಒಂದು!

ಈ ಎರಡನೇ ಬಗೆಯ ಮದುವೆಗಳ ಬಗ್ಗೆ ಈ ವಾರ ನಾಲ್ಕು ಮಾತು. ನಾನು ಹಿರೇಕೆರೂರು ಸೀಮೆಯವನು. ಸರ್ವಜ್ಞನ ಹೆಸರು ಹೇಳಿದರೆ ಜನ ಬೆರಳು ತೋರಿಸುವ ಮಾಸೂರು, ಅಬಲೂರು ನಮ್ಮ ಸೀಮೆಯವು. ಡಾ. ರಾಜಕುಮಾರ್ 1965ರಲ್ಲಿ 'ಸರ್ವಜ್ಞ ಮೂರ್ತಿ'ಯಾಗಿ ತೆರೆಗೆ ಬಂದಾಗ 'ನಮ್ಮೂರಾವ ಸಿನಿಮಾಕ್ಕ ಬಂದಾನ' ಅಂತ ಹಿಗ್ಗಿದ ಜನ ನಮ್ಮವರು. 'ಕೌರವ' (1998) ಚಿತ್ರದ ಬಿ. ಸಿ. ಪಾಟೀಲರನ್ನು ಆಮೇಲೆ ವಿಧಾನಸಭೆಗೆ ಕಳಿಸಿದ್ದೂ ನಮ್ಮ ಕ್ಷೇತ್ರವೇ. ಹೀಗಾಗಿ ಸಿನಿಮಾ ವಿಷಯದಲ್ಲಿ ನಮಗೂ ಒಂದಿಷ್ಟು ಬಾಯಿ ಉಂಟು!

ಮೊದಲ ಬಹುಮಾನ ಘಟೋತ್ಕಚನಿಗೆ

ಮದುವೆ ಕೆಡಿಸುವ ವಿದ್ಯೆಯಲ್ಲಿ ಜಗತ್ತಿಗೇ ಗುರು ಯಾರು ಅಂತ ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಹೇಳುವ ಹೆಸರು ಘಟೋತ್ಕಚ. ಕೆ. ವಿ. ರೆಡ್ಡಿಯವರು 1957ರಲ್ಲಿ ತೆಲುಗು, ತಮಿಳು ಎರಡರಲ್ಲೂ ತೆಗೆದ 'ಮಾಯಾಬಜಾರ್' ನೆನಪಿಸಿಕೊಳ್ಳಿ. ಬಲರಾಮನ ಮಗಳು ಶಶಿರೇಖೆಯನ್ನು ಅಭಿಮನ್ಯುವಿಗೆ ಕೊಡುವ ಮಾತಾಗಿತ್ತು. ಪಾಂಡವರು ಜೂಜಿನಲ್ಲಿ ಸೋತು ಕಾಡಿಗೆ ಹೋದರು ನೋಡಿ, ಮಾತು ತಿರುಗಿಬಿತ್ತು! ಬಡವರ ಹುಡುಗ ಬೇಡ, ದುರ್ಯೋಧನನ ಮಗ ಲಕ್ಷ್ಮಣಕುಮಾರನೇ ಇರಲಿ ಎಂದರು. ಆಗ ಕೃಷ್ಣನ ಸಂಚಿನಂತೆ ಘಟೋತ್ಕಚ ತಾನೇ ಶಶಿರೇಖೆಯ ವೇಷ ತಾಳಿ ಮಂಟಪಕ್ಕೆ ಬರುತ್ತಾನೆ.

ಆಮೇಲಿನದು ಕೇಳಬೇಡಿ. ಸಾವಿತ್ರಿಯ ಮುದ್ದು ಮುಖ, ಒಳಗೆ ರಾಕ್ಷಸನ ಬಲ. ವರನ ಕಾಲನ್ನು ಆ ಕೋಮಲ ಪಾದ ಮೆಟ್ಟಿದರೆ ವರನಿಗೆ ಆಕಾಶ ಕಾಣಬೇಕು! ಬೀಗರ ಕಡೆಯ ಪಂಡಿತರು ಕೂತ ಕಂಬಳಿಯೇ ಅವರನ್ನು ಕಾಡುತ್ತದೆ, ಮಲಗಿದ ಮಂಚವೇ ಅವರನ್ನು ಆಡಿಸುತ್ತದೆ. ಎಸ್. ವಿ. ರಂಗರಾವ್ ಕೂತು ಮದುವೆಯ ಊಟವನ್ನೆಲ್ಲ ಒಬ್ಬರೇ ಖಾಲಿ ಮಾಡುವುದನ್ನು ಈಗಿನ ಮಕ್ಕಳು ಮೊಬೈಲಿನಲ್ಲಿ ನೋಡಿದರೂ ನಗುತ್ತಾರೆ. ನಮ್ಮ ಯಕ್ಷಗಾನದವರು 'ಕನಕಾಂಗಿ ಕಲ್ಯಾಣ' ಅಂತ ಆಡುವುದೂ ಈ ಕಥೆಯನ್ನೇ.

ಆದರೆ ಒಂದು ಮಾತು ಗಮನಿಸಿ. ಘಟೋತ್ಕಚನ ಆ ಕಿತಾಪತಿ ಬರೀ ಕಿತಾಪತಿಯಲ್ಲ. ಐಶ್ವರ್ಯ ನೋಡಿ ಕೊಟ್ಟ ಮಾತು ಮುರಿದವರಿಗೆ ಅದು ಚಾಟಿಯೇಟು. ಒಂದು ಹುಡುಗಿಯ ಬಾಳು ಆ ನಗೆಯ ಹಿಂದೆ ನಿಂತಿದೆ. ಅದಕ್ಕೇ ಆ ನಗೆ ಹಳಸಿಲ್ಲ.

ಪರದೇಶದ ಗಂಡುಗಳ ಪಾಡು

ಪರದೇಶದವರೂ ಕಡಿಮೆಯಿಲ್ಲ. ಮೂಕಿಚಿತ್ರಗಳ ಕಾಲದಲ್ಲಿ ಬಸ್ಟರ್ ಕೀಟನ್ ಅಂತ ಒಬ್ಬ ಮಹಾರಾಯ. ಮುಖದ ಮೇಲೆ ಒಂದು ಎಳೆ ನಗೆ ತಾರದೆ ಜಗತ್ತನ್ನು ನಗಿಸಿದವನು. 1925ರ 'ಸೆವೆನ್ ಚಾನ್ಸಸ್' ಚಿತ್ರದಲ್ಲಿ ಸಂಜೆಯೊಳಗೆ ಮದುವೆಯಾದರೆ ಆಸ್ತಿ, ಇಲ್ಲದಿದ್ದರೆ ಬರೀಗೈ. ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ನೂರಾರು ವಧುಗಳು ಬಿಳಿ ಉಡುಪು ತೊಟ್ಟು ಹಾಜರ್! ವರ ಓಡುತ್ತಾನೆ, ಹೆಣ್ಣುಗಳ ದಂಡು ಅಟ್ಟಿಸಿಕೊಂಡು ಬರುತ್ತದೆ. ಗುಡ್ಡದ ಬಂಡೆಗಳೂ ಉರುಳಿ ಬೆನ್ನು ಹತ್ತುತ್ತವೆ.

ಲಾರೆಲ್-ಹಾರ್ಡಿ ಜೋಡಿಗಂತೂ ಮದುವೆ ಅಂದರೆ ಆಗಿಬರದು. 'ಅವರ್ ವೈಫ್' (1931) ಚಿತ್ರದಲ್ಲಿ ಮದುವೆ ಮಾಡಿಸುವವನಿಗೆ ಮೆಳ್ಳೆಗಣ್ಣು, ಯಾರನ್ನು ಯಾರಿಗೆ ಗಂಟು ಹಾಕಿದ ಅನ್ನುವುದೇ ಎಡವಟ್ಟು. 'ಮಿ ಅಂಡ್ ಮೈ ಪಾಲ್' (1933) ಚಿತ್ರದಲ್ಲಿ ಗೆಳೆಯ ಉಡುಗೊರೆ ತಂದ ಚೂರು ಜೋಡಿಸುವ ಚಿತ್ರದ ಆಟಕ್ಕೆ ವರ, ಟ್ಯಾಕ್ಸಿಯವ, ಪೊಲೀಸಿನವ ಎಲ್ಲರೂ ಕೂತುಬಿಟ್ಟು ಮದುವೆಯೇ ಮಣ್ಣುಪಾಲು. ಪ್ರಾಣಿಯ ಕೈಲಿ ಸಿಕ್ಕ ಮನುಷ್ಯನ ಪಾಡು ನೋಡಬೇಕೆ? ಚಾಪ್ಲಿನ್‌ರ 'ದಿ ಸರ್ಕಸ್' (1928) ನೋಡಿ. ಎತ್ತರದ ಹಗ್ಗದ ಮೇಲೆ ಬಡಪಾಯಿ, ಅವನ ಮೈ ಮೇಲೆಲ್ಲಾ ಕೋತಿಗಳು!

ನಮ್ಮ ನಗೆಗಾರರು

ಕನ್ನಡದಲ್ಲಿ ನಗೆಯ ಗಾದಿಗೆ ಬೇರೆ ಹೆಸರೇ ಬೇಡ, ನರಸಿಂಹರಾಜು. 'ಬೇಡರ ಕಣ್ಣಪ್ಪ' (1954) ಚಿತ್ರದಲ್ಲಿ ರಾಜಕುಮಾರರ ಜೊತೆಗೇ ತೆರೆಗೆ ಬಂದವರು. ಆ ಸಣಕಲು ಮೈ, ಆ ಹಲ್ಲು, ಆ ನಡಿಗೆ! ಮಾತು ಬರುವ ಮೊದಲೇ ನಗು ಬಂದಿರುತ್ತಿತ್ತು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಸರಿಯಾದ ಗಳಿಗೆಗೆ ಮಾತು ಎಸೆಯುತ್ತಿದ್ದರು. ಕಿವಿ ಚುರುಕಾಗಿರುವ ಎಷ್ಟೋ ನಟರಿಗೆ ಆ ಗಳಿಗೆ ಸಿಕ್ಕಿಲ್ಲ. ಆಮೇಲೆ ದ್ವಾರಕೀಶ್ ಬಂದರು. ಕುಳ್ಳ ಅಂತ ತಮ್ಮನ್ನೇ ತಾವು ಕರೆದುಕೊಂಡು ಗೆದ್ದರು.

ಮದುವೆಯನ್ನೇ ಹೆಸರಿಗೆ ಏರಿಸಿಕೊಂಡ ಚಿತ್ರಗಳೂ ಉಂಟು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ 'ಮದುವೆ ಮಾಡಿ ನೋಡು' ಬಂತು. ರಾಜಕುಮಾರ್, ಲೀಲಾವತಿ ಅಭಿನಯ. 1952ರ ತೆಲುಗಿನ 'ಪೆಳ್ಳಿ ಚೇಸಿ ಚೂಡು' ಅದರ ಮೂಲ. ನಗೆಗೆ ನಗೆ, ಆದರೆ ಒಳಗಿರುವ ಮುಳ್ಳು ಯಾವುದು? ವರದಕ್ಷಿಣೆ! ದುಡ್ಡು ಎಣಿಸದಿದ್ದರೆ ಮದುವೆ ನಿಲ್ಲುತ್ತದೆ ಎನ್ನುವ ಭಯ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕಾಯಿದೆ ಬಂದು ನಾಲ್ಕು ವರ್ಷಕ್ಕೆ ಬಂದ ಚಿತ್ರಕ್ಕೂ ಆ ಭಯ ಹಳೆಯದಾಗಿರಲಿಲ್ಲ ಅನ್ನುವುದು ನಗುವ ಮಾತಲ್ಲ.

1990ರ 'ಗಣೇಶನ ಮದುವೆ' ನೋಡದವರಿಲ್ಲ. ಫಣಿ ರಾಮಚಂದ್ರ ಅವರ ಚಿತ್ರ. ಒಂದೇ ವಠಾರದಲ್ಲಿ ಹಾವು-ಮುಂಗುಸಿಯ ಹಾಗೆ ಕಚ್ಚಾಡುವ ಅನಂತನಾಗ್, ವಿನಯಾ ಪ್ರಸಾದ್. ಕಾಗದದಲ್ಲಿ ಮಾತ್ರ ಒಬ್ಬರಿಗೊಬ್ಬರು ಯಾರೆಂದು ತಿಳಿಯದೆ ಪ್ರೀತಿ! ಕೋತಿ ಇಲ್ಲ, ಕತ್ತೆ ಇಲ್ಲ. ಮನುಷ್ಯರೇ ಸಾಕು ಎಂದು ತೋರಿಸಿಕೊಟ್ಟ ಚಿತ್ರ.

ನಾನು ಕಣ್ಣಾರೆ ಕಂಡ ಮದುವೆ

ಈಗ ತೆರೆಯಿಂದ ಸ್ವಲ್ಪ ಕೆಳಗಿಳಿದು ಬನ್ನಿ. ನಮ್ಮ ಸೀಮೆಯಲ್ಲಿ 1979ರ ಬೇಸಿಗೆಯಲ್ಲಿ ನಡೆದ ಒಂದು ಮದುವೆ ಹೇಳುತ್ತೇನೆ. ಊರಿನ ಹೆಸರು ಬೇಡ. ಮದುಮಕ್ಕಳು ಈಗ ಅಜ್ಜ-ಅಜ್ಜಿಯಾಗಿದ್ದಾರೆ, ಮೊಮ್ಮಕ್ಕಳ ಎದುರಿಗೆ ಮರ್ಯಾದೆ ಹೋದೀತು!

ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಹಬ್ಬ. ಹೋರಿಗೆ ಜೂಲ ಹೊದಿಸಿ, ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೊಂಬಿಗೆ ರಿಬ್ಬನ್ನು, ಬಲೂನು ಕಟ್ಟಿ ಜನರ ನಡುವೆ ಬಿಡುತ್ತಾರೆ. ಹುಡುಗರು ಕೊಬ್ಬರಿ ಹರಿಯಬೇಕು, ಹೋರಿ ಹರಿಯಗೊಡದೆ ಓಡಬೇಕು. ಗೆದ್ದ ಹೋರಿಗೆ ಸಿನಿಮಾ ನಟನಿಗಿಂತ ಒಂದು ಕೈ ಹೆಚ್ಚಿನ ಅಭಿಮಾನಿಗಳು. ಹೋರಿಗಳಿಗೆ ಸಿನಿಮಾ ಹೆಸರು ಇಡುವುದೂ ಉಂಟು. ಹಲಗೆಯ ಬಡಿತ, ಪಟಾಕಿ ಸದ್ದು, ಜನರ ಕೇಕೆ ಮೂರೂ ಸೇರಿತೋ, 'ಓಡು' ಅಂತ ಅದಕ್ಕೆ ರೂಢಿ.

ಇಂಥ ಹೋರಿಯನ್ನು ಸುಮ್ಮನೆ ಗಾಡಿಗೆ ಹೂಡುವುದಿಲ್ಲ. ಆದರೆ ವರನ ಕಡೆಯವರಿಗೆ ಜಂಬ. 'ನಮ್ಮ ಹಬ್ಬದ ಹೋರಿ ಮ್ಯಾಲೇ ಮದುಮಗ ಬರಬೇಕ್ರೀ' ಅಂದರು. ಒಂದು ಕಡೆ ಹೋರಿ, ಜೋಡಿಗೆ ಒಂದು ಮುದಿ ಎತ್ತು. ಗಾಡಿಯಲ್ಲಿ ಬಾಸಿಂಗ ಕಟ್ಟಿದ ವರ, ಪಕ್ಕದಲ್ಲಿ ಕೊಡೆ ಹಿಡಿದ ತಮ್ಮ.

ಹೆಣ್ಣಿನ ಕಡೆಯ ಹುಡುಗರು ಸುಮ್ಮನಿರುತ್ತಾರೆಯೇ? ಹನುಮಪ್ಪನ ಗುಡಿಗೆ ಕೈ ಮುಗಿಯಲು ವರ ಇಳಿದಾಗ ಚಪ್ಪಲಿ ಮಾಯ, ಬಣವೆಯೊಳಗೆ ಸೇರಿಯಾಗಿತ್ತು. ಬೀಗರು ಕೂರುವ ಜಮಖಾನದ ಮೇಲೆ ಯಾವನೋ ಪುಣ್ಯಾತ್ಮ ನಸಗುನ್ನಿ ಕಾಯಿ ಉಜ್ಜಿದ್ದ. ಮಾಯಾಬಜಾರಿನ ಕಂಬಳಿಗೆ ಮಂತ್ರ ಬೇಕಾಯಿತು, ನಮ್ಮ ಜಮಖಾನಕ್ಕೆ ಹೊಲದ ಬೇಲಿಯ ಕಾಯಿ ಸಾಕಾಯಿತು! ಬೀಗರು ಒಬ್ಬೊಬ್ಬರಾಗಿ ಎದ್ದು ಗೋಡೆಗೆ ಬೆನ್ನು ತಿಕ್ಕುವುದೇನು, ಹಂದರದ ಕಂಬಕ್ಕೆ ಆತುಕೊಳ್ಳುವುದೇನು!

ವರನ ಗಾಡಿ ಓಣಿಗೆ ತಿರುಗಿತು. ಹಲಗೆ ಬಡಿಯಿತು. ಜನ 'ಹೋ' ಅಂದರು. ಅಷ್ಟರಲ್ಲಿ ಒಬ್ಬ ಪೋರ ಪಟಾಕಿ ಸರಕ್ಕೆ ಕಿಡಿ ಇಟ್ಟ.

ಹೋರಿಗೆ ಏನು ಗೊತ್ತು ಅದು ಮದುವೆ ಅಂತ? ದೀಪಾವಳಿ ಬಂತು ಅಂದುಕೊಂಡಿತು. ಬಾಲ ಎತ್ತಿ ಓಟ! ಜೋಡಿಯ ಮುದಿ ಎತ್ತು 'ಈ ವಯಸ್ಸಿನಾಗ ನನಗ್ಯಾಕಪಾ ಇದು' ಅನ್ನುವ ಮೋರೆ ಮಾಡಿಕೊಂಡು ಹಿಂದೆ ಎಳೆದಾಡಿತು. ಗಾಡಿ ಹೆಣ್ಣಿನ ಮನೆಯ ಮುಂದೆ ಬಂತು, ಆರತಿ ಹಿಡಿದು ನಿಂತ ಮುತ್ತೈದೆಯರನ್ನು ದಾಟಿತು, ಮುಂದೆ ಹೋಯಿತು, ಊರನ್ನೇ ಬಿಟ್ಟಿತು. ವರ ಗಾಡಿಯ ಗೂಟ ಹಿಡಿದು 'ಹಿಡೀರ್ಲೇ, ಹಿಡೀರ್ಲೇ' ಅನ್ನುತ್ತಿದ್ದಾನೆ. ರೂಢಿಯ ಹುಡುಗರು ಹೋರಿ ಕೊಬ್ಬರಿ ಹರಿಯಲು ಬೆನ್ನು ಹತ್ತಿದ್ದಾರೆ. ಕೊರಳಲ್ಲಿ ಕೊಬ್ಬರಿ ಇಲ್ಲ, ಗಾಡಿಯಲ್ಲಿ ಮದುಮಗ!

ಗಂಡಸರೆಲ್ಲ ಗಾಡಿಯ ಹಿಂದೆ ಓಡಿದ್ದರಿಂದ ಹಂದರ ಬರಿದಾಯಿತು. ಹುಣಸೆ ಮರದ ಮೇಲೆ ಬೆಳಗಿನಿಂದ ಕಾದು ಕೂತಿದ್ದ ಮಂಗಗಳ ಹಿಂಡು ಇಳಿಯಿತು. ಹಂದರಕ್ಕೆ ಕಟ್ಟಿದ ಬಾಳೆಗೊನೆ ಹೋಯಿತು. ಒಂದು ಗಡವ ಬುಂದೆಯ ಬುಟ್ಟಿಯಲ್ಲೇ ಪದ್ಮಾಸನ ಹಾಕಿ ಕೂತಿತು. ಇನ್ನೊಂದು ಅಕ್ಕಿಕಾಳಿನ ತಟ್ಟೆ ಹಿಡಿದು ಮೇಲಿನಿಂದ ಎರಚಿತು. ಅಂದರೆ ಆ ಮದುವೆಗೆ ಮೊದಲ ಅಕ್ಷತೆ ಹಾಕಿದ್ದು ಅದೇ! ಬಾಗಿಲ ತೋರಣದ ಮಾವಿನ ಎಲೆಯನ್ನು ಪಕ್ಕದ ಮನೆಯ ಎಮ್ಮೆ ಸಾವಕಾಶ ಮೇಯುತ್ತಿತ್ತು. ಅದಕ್ಕೆ ಯಾರ ಗಡಿಬಿಡಿಯೂ ಇಲ್ಲ.

ಇಲ್ಲಿಯವರೆಗೆ ನಕ್ಕೆವು. ಆಮೇಲೆ ನಗು ನಿಂತಿತು.

ಹೆಣ್ಣಿನ ಅಪ್ಪ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ಆ ವರ್ಷದ ಹತ್ತಿ ಮಾರಿದ ದುಡ್ಡೆಲ್ಲ ಆ ಹಂದರದಲ್ಲಿತ್ತು. ಹನ್ನೆರಡೂವರೆಯ ಮುಹೂರ್ತ ದಾಟಿಹೋಗಿತ್ತು. ವರನ ಸೋದರಮಾವ ಮೈ ಕೆರೆಯುತ್ತಲೇ ಎದ್ದು ನಿಂತ. 'ಇದು ಅಪಶಕುನ. ಆಮ್ಯಾಲೆ ಕೊಡ್ತೀವಿ ಅಂದ ವಾಚು, ಸೈಕಲ್ಲು ಈಗಿಂದೀಗ ಇಟ್ಟರೆ ಕೂಡ್ತೀವಿ. ಇಲ್ಲಾಂದ್ರ ಗಾಡಿ ತಿರುಗಿಸ್ತೀವಿ' ಅಂದುಬಿಟ್ಟ. ಹಂದರದ ಮೇಲಿಂದ ಒಬ್ಬ ಪೋರ, 'ಗಾಡಿ ಎಲ್ಲೈತ್ರೀ ತಿರುಗ್ಸಾಕ?' ಅಂದ. ಯಾರೂ ನಗಲಿಲ್ಲ. ಒಳಗೆ ಅರಿಶಿಣ ಹಚ್ಚಿಕೊಂಡು ಕೂತ ಹುಡುಗಿಗೂ ಆ ಮಾತು ಕೇಳಿಸಿತ್ತು.

ಆಗ ಎದ್ದವಳು ವರನ ಅಜ್ಜಿ. ಸೋದರಮಾವನಿಗೆ ಸಾಕ್ಷಾತ್ ತಾಯಿ. ಕೋಲೂರಿಕೊಂಡು ನಡುವೆ ಬಂದು ನಿಂತಳು.

'ಅಪಶಕುನ ಅಂತೀಯೇನೋ ಮಗನ? ಬಸವಣ್ಣ ನಿನ್ನ ಅಳಿಯನ್ನ ಊರ ತುಂಬ ಮೆರೆಸ್ಯಾನ. ಹನುಮಪ್ಪ ತಾನ ಇಳಿದು ಬಂದು ಅಕ್ಕಿಕಾಳು ಹಾಕ್ಯಾನ. ನಿನ್ನ ಮದುವಿಗೆ ಯಾವ ದೇವರು ಬಂದಿದ್ದ ಹೇಳು? ನೆಟ್ಟಗ ಒಂದು ನಾಯಿನೂ ಬಂದಿರಲಿಲ್ಲ!'

ಹಂದರಕ್ಕೆ ಹಂದರವೇ ಬಿದ್ದು ಬಿದ್ದು ನಕ್ಕಿತು. ಹೆಣ್ಣಿನ ಅಪ್ಪನೂ ನಕ್ಕ, ಕಣ್ಣು ಒರೆಸಿಕೊಂಡು ನಕ್ಕ. ಸೋದರಮಾವ ಬಾಯಿ ಮುಚ್ಚಿಕೊಂಡು ಕೂತ, ಅದೂ ಅದೇ ಜಮಖಾನದ ಮೇಲೆ! ಕೆರೆಯ ದಂಡೆಯಲ್ಲಿ ನಿಂತ ಗಾಡಿಯನ್ನು ಹಿಡಿದು ತಂದರು. ಯಾರಿಗೂ ಪೆಟ್ಟಾಗಿರಲಿಲ್ಲ. ಬಾಸಿಂಗ ಎಲ್ಲೋ ಬಿದ್ದುಹೋಗಿತ್ತು. ಬೇರೆ ಕಟ್ಟಿದರು. ಮೂರು ಗಂಟೆಗೆ ಅಕ್ಕಿಕಾಳು ಬಿತ್ತು. ಬುಂದೆ ಇಲ್ಲದ ಊಟವನ್ನು ಜನ ಗೋಧಿ ಹುಗ್ಗಿಯಲ್ಲೇ ಮುಗಿಸಿದರು. ವಾಚು, ಸೈಕಲ್ಲಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಒಂದು ನಗೆಯ ಮಾತು ಒಂದು ಮನೆತನದ ಮಾನ ಉಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಸಿನಿಮಾದ ಹಾಸ್ಯವನ್ನು ಅಂದಿನಿಂದ ನಾನು ಇದೇ ತಕ್ಕಡಿಯಲ್ಲಿ ತೂಗುತ್ತೇನೆ. ಬಿದ್ದವನನ್ನು ನೋಡಿ ನಗುವುದು ಸುಲಭ. ಬಿದ್ದವನು ಏಳುವ ಹಾಗೆ ನಗಿಸಬೇಕು.

ಎಮ್ಮೆಯ ಮೇಲೆ ಅಣ್ಣಾವ್ರು

ಪ್ರಾಣಿಯನ್ನು ಮರ್ಯಾದೆಯಿಂದ ತೆರೆಗೆ ತಂದ ಚಿತ್ರ ಯಾವುದು ಎಂದರೆ ಉತ್ತರ ಕರ್ನಾಟಕದ ನಮಗೆಲ್ಲ ಮೊದಲು ನೆನಪಾಗುವುದು 'ಸಂಪತ್ತಿಗೆ ಸವಾಲ್' (1974). ನಮ್ಮ ಕಡೆಯ ಪಿ. ಬಿ. ಧುತ್ತರಗಿಯವರ ಕಂಪನಿ ನಾಟಕವೇ ಆ ಚಿತ್ರದ ಮೂಲ, ನಿರ್ದೇಶನ ಎ. ವಿ. ಶೇಷಗಿರಿರಾವ್. ರಾಜಕುಮಾರ್ ಎಮ್ಮೆಯ ಬೆನ್ನೇರಿ ಬಂದು ಹಾಡಿದ್ದು, ಅದೂ ಪಿ. ಬಿ. ಶ್ರೀನಿವಾಸರ ಕಂಠವಲ್ಲ, ಸ್ವಂತ ಕಂಠ! ಹಳ್ಳಿಯವರು ಅದನ್ನು 'ಎಮ್ಮೆ ಹಾಡು' ಅಂತಲೇ ಕರೆದರು. ನಾಯಕ ಅಂದರೆ ಕುದುರೆಯೇ ಬೇಕು ಅನ್ನುವ ಕಾಲಕ್ಕೆ ಎಮ್ಮೆ ಹತ್ತಿದ ನಾಯಕ. ಎಮ್ಮೆ ಕಾಯುವ ಹುಡುಗರಿಗೆ ಅವತ್ತು ಏರಿದ ಧಿಮಾಕು ಎಷ್ಟು ದಿನ ಇಳಿಯಲಿಲ್ಲ!

ಇತ್ತೀಚೆಗೆ ರಾಮ್ ರೆಡ್ಡಿಯವರ 'ತಿಥಿ' (2016) ಬಂತು. ಅದರಲ್ಲಿರುವುದು ಮದುವೆಯಲ್ಲ, ತಿಥಿ. ಆದರೂ ಊಟಕ್ಕೆ ಕುರಿ ಕದಿಯುವ ಪ್ರಸಂಗ ನೋಡಿದರೆ ಹಳ್ಳಿಯ ಫಜೀತಿ ಎಷ್ಟು ಗಂಭೀರ ಮುಖದಲ್ಲಿ ನಗಿಸಬಲ್ಲದು ಎಂದು ಗೊತ್ತಾಗುತ್ತದೆ. 2022ರ '777 ಚಾರ್ಲಿ'ಯಲ್ಲಿ ನಾಯಿಯೇ ನಾಯಕಿ. ಅದರ ಕಿತಾಪತಿಗೆ ನಕ್ಕ ಜನವೇ ಕೊನೆಗೆ ಕರವಸ್ತ್ರ ತೆಗೆದರು.

ಕಾನೂನು ಬಂತು, ಕೋತಿ ಹೋಯಿತು

'ಹಾಗಾದರೆ ಈಗಿನ ಚಿತ್ರಗಳ ಮದುವೆ ಮನೆಯಲ್ಲಿ ಕೋತಿ ಯಾಕಿಲ್ಲ?' ಅಂತ ಹಳೆಯ ಅಭಿಮಾನಿಗಳು ಕೇಳುತ್ತಾರೆ. ಉತ್ತರ ಸರಳ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಇವುಗಳನ್ನು ಕುಣಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. 2001ರಲ್ಲಿ ಪ್ರದರ್ಶನದ ಪ್ರಾಣಿಗಳ ನೋಂದಣಿಯ ನಿಯಮಗಳು ಬಂದವು. ಈಗ ಚಿತ್ರದಲ್ಲಿ ಬೇರೆ ಪ್ರಾಣಿ ಬಳಸಬೇಕಾದರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಆ ಕಾಗದವಿಲ್ಲದೆ ಸೆನ್ಸಾರ್ ಸರ್ಟಿಫಿಕೇಟು ಇಲ್ಲ. 'ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ' ಅಂತ ಚಿತ್ರದ ಮೊದಲಿಗೇ ಬರುವುದು ಅದಕ್ಕೇ. ಈಗ ಎಷ್ಟೋ ಪ್ರಾಣಿಗಳು ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಮೇಯುತ್ತವೆ.

ತಮಾಷೆ ನೋಡಿ, ತೆರೆಯ ಕೋತಿಯನ್ನು ಹಿಡಿದ ಕಾನೂನೇ ನಮ್ಮೂರ ಹೋರಿಯ ಬೆನ್ನಿಗೂ ಬಂತು. 2011ರಲ್ಲಿ ಆ ಪಟ್ಟಿಗೆ ಹೋರಿ, ಗೂಳಿಗಳೂ ಸೇರಿದವು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಗಾಡಿ ಓಟ ಬೇಡವೆಂದಿತು. ನಮ್ಮ ರಾಜ್ಯ 2017ರಲ್ಲಿ ಕಂಬಳಕ್ಕೆ, ಎತ್ತಿನ ಓಟಕ್ಕೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಗಳನ್ನೂ ಎತ್ತಿಹಿಡಿಯಿತು. ಹೋರಿ ಸಾಕುವ ನಮ್ಮ ಹುಡುಗರ ಬಾಯಲ್ಲಿ ಈ ಇಸವಿಗಳು ಚಿತ್ರ ಬಿಡುಗಡೆಯ ತಾರೀಖಿನ ಹಾಗೆ ಇರುತ್ತವೆ!

ಕಾನೂನು ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ನಾವು ನಗಲಿ ಅಂತ ಕೋತಿಯ ಕೊರಳಿಗೆ ಹಗ್ಗ ಬಿದ್ದರೆ, ಅದು ಹಸಿದು ಕುಣಿದರೆ, ಆ ನಗೆ ನಮಗೆ ದಕ್ಕುವುದಿಲ್ಲ. ಹುಣಸೆ ಮರದಿಂದ ತಾನಾಗಿ ಇಳಿದು ಬುಂದೆ ತಿಂದ ಕೋತಿಯ ಮಾತು ಬೇರೆ. ಅದು ಯಾರ ಗುಲಾಮನೂ ಅಲ್ಲ, ಬೀಗರಿಗೂ ಬೀಗ!

ನಿರ್ದೇಶಕರಲ್ಲಿ ಒಂದು ಅರಿಕೆ

ಇಂದಿನ ತೆರೆಯ ಮದುವೆಗಳನ್ನು ನೋಡಿದರೆ ನನಗೆ ಬೇಸರ. ಕಲ್ಯಾಣಮಂಟಪಕ್ಕೆ ಎಸಿ, ವರನಿಗೆ ಮೇಕಪ್ಪು, ಮೇಲಿಂದ ಡ್ರೋನು. ಎಲ್ಲಾ ಉಂಟು, ಫಜೀತಿ ಮಾತ್ರ ಇಲ್ಲ. ನಗಿಸಬೇಕೆಂದರೆ ದಪ್ಪಗಿರುವವನನ್ನೋ ಕಪ್ಪಗಿರುವವಳನ್ನೋ ಹೀಯಾಳಿಸುವ ಎರಡು ಮಾತು. ಅದು ಹಾಸ್ಯವೇ?

ಸ್ವಾಮೀ, ಬೇಸಿಗೆಯಲ್ಲಿ ಹಿರೇಕೆರೂರಿನ ಬಸ್ಸು ಹತ್ತಿ ಬನ್ನಿ. ಹಂಸಭಾವಿ, ಚಿಕ್ಕೇರೂರು, ಮಾಸೂರು, ಯಾವ ದಾರಿಯಲ್ಲಿ ಇಳಿದರೂ ಒಂದು ಹಂದರ ಸಿಗುತ್ತದೆ. ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುವ ಮದುಮಗಳು, ಬೀಗಿತ್ತಿಯನ್ನು ಹಾಡಿನಲ್ಲೇ ಜಾಲಾಡುವ ಹೆಂಗಸರು, ಚಪ್ಪಲಿ ಕದ್ದು ದುಡ್ಡು ಕೇಳುವ ನಾದಿನಿಯರು, ಖರ್ಚಿನ ಲೆಕ್ಕ ಒಳಗೊಳಗೇ ಮಾಡುತ್ತ ಹೊರಗೆ ನಗುವ ಅಪ್ಪ, ಎಲ್ಲರೂ ಸಿಗುತ್ತಾರೆ. ಕೋತಿಗೆ ಕಾಲ್‌ಶೀಟು ಬೇಡ. ಎಮ್ಮೆಗೆ ಸಂಭಾಷಣೆ ಬೇಡ. ನೀವು ಆ ಅಪ್ಪನ ಮುಖವನ್ನು ಮಾತ್ರ ಮರೆಯಬೇಡಿ. ಅವನು ಕೊನೆಗೆ ನಕ್ಕರೆ ನಿಮ್ಮ ಚಿತ್ರ ನೂರು ದಿನ!